ಸಮಾಲೋಚನಾ ಸಭೆಯ ಒಂದು ಗಂಟೆಯನ್ನು ಗಿಜುಭಾಯಿಗೆ ಕೊಡಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು 30 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮೊದಲ 9 ವರ್ಷ ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆ. ಆಮೇಲೆ ವರ್ಗವಾಗಿ ಮಂಡ್ಯ ಜಿಲ್ಲೆಗೆ ಬಂದೆ. ಎರಡೂ ಜಿಲ್ಲೆಗಳ ಅನ್ನ ತಿಂದಿದ್ದೇನೆ. ಅದಕ್ಕೇ ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಚಿಕ್ಕದು. ಅಕ್ಕಪಕ್ಕದ ಶಾಲೆಗಳನ್ನು ಸೇರಿಸಿದ ಕ್ಲಸ್ಟರ್ ಮಟ್ಟದಲ್ಲಿ ತಿಂಗಳಿಗೊಮ್ಮೆ ನಡೆಯುವ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆಯನ್ನು ಓದಿಗೆ ಬಿಟ್ಟುಕೊಡಿ. ಆ ಒಂದು ಗಂಟೆ ಗುಜರಾತಿನ ಶಿಕ್ಷಣ ಚಿಂತಕ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಪುಸ್ತಕವನ್ನು ಶಿಕ್ಷಕರು ಒಟ್ಟಿಗೆ ಕೂತು ಗಟ್ಟಿಯಾಗಿ ಓದಲಿ. ಓದಿದ ಮೇಲೆ ತಮ್ಮ ತಮ್ಮ ತರಗತಿಯ ಬಗ್ಗೆ ಮಾತಾಡಲಿ. ಇಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಪತ್ರ ಯಾಕೆ ಅಂತ ನಿಮಗೆ ಅನ್ನಿಸಬಹುದು. ದಯವಿಟ್ಟು ಪೂರ್ತಿ ಓದಿ.

ಗಿಜುಭಾಯಿ ಮೊದಲು ವಕೀಲರಾಗಿದ್ದವರು. 1885ರಲ್ಲಿ ಸೌರಾಷ್ಟ್ರದಲ್ಲಿ ಹುಟ್ಟಿದರು. ಹೊಟ್ಟೆಪಾಡಿಗಾಗಿ ಪೂರ್ವ ಆಫ್ರಿಕಾಕ್ಕೂ ಹೋಗಿ ಬಂದರು. 1913ರಲ್ಲಿ ಮಗ ಹುಟ್ಟಿದ. ಈ ಮಗುವನ್ನು ಎಂಥ ಶಾಲೆಗೆ ಕಳಿಸಲಿ ಎಂಬ ಚಿಂತೆ ಹತ್ತಿಕೊಂಡಿತು. ಆ ಹುಡುಕಾಟದಲ್ಲಿ ಇಟಲಿಯ ಮರಿಯಾ ಮಾಂಟೆಸ್ಸೊರಿ ಅವರ ವಿಚಾರಗಳು ಕಣ್ಣಿಗೆ ಬಿದ್ದವು. 1916ರಲ್ಲಿ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಗೆ ಸೇರಿದರು. 1920ರಲ್ಲಿ ಅಲ್ಲೇ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ತೆರೆದರು. ಅಲ್ಲಿನ ಜನ ಅವರನ್ನು ‘ಮೂಛಾಳಿ ಮಾ’ ಅಂತ ಕರೆದರು. ಮೀಸೆ ಇರುವ ಅಮ್ಮ ಅಂತ ಅರ್ಥ. 1939ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಮಾಂಟೆಸ್ಸೊರಿ ಮದರಾಸಿಗೆ ಬಂದರು. ಐದೇ ತಿಂಗಳ ಅಂತರದಲ್ಲಿ ಇಬ್ಬರ ಭೇಟಿ ತಪ್ಪಿಹೋಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗುಜರಾತಿಯಲ್ಲಿ ಅವರು ಬರೆದದ್ದು ರಾಶಿ ರಾಶಿ. ಮಕ್ಕಳಿಗೆ ಕಥೆಗಳು, ಅಪ್ಪ ಅಮ್ಮಂದಿರಿಗೆ ಪುಸ್ತಕ, ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಪುಸ್ತಕ, ಕಥೆ ಹೇಳುವುದು ಹೇಗೆ ಎನ್ನುವುದಕ್ಕೇ ಒಂದು ಪುಸ್ತಕ. ಇವುಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ‘ದಿವಾಸ್ವಪ್ನ’ವನ್ನು. ಅಂದರೆ ಹಗಲುಗನಸು. ಬರೆದು 90 ವರ್ಷ ದಾಟಿದೆ. ಗಾತ್ರ ಚಿಕ್ಕದು, ಎರಡು ಮೂರು ರಾತ್ರಿಯಲ್ಲಿ ಓದಿ ಮುಗಿಸಬಹುದು. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ಹಲವು ಭಾರತೀಯ ಭಾಷೆಗಳಲ್ಲಿ ಕಡಿಮೆ ಬೆಲೆಗೆ ತಂದಿದೆ.

ಅದರಲ್ಲಿ ಲಕ್ಷ್ಮೀರಾಮ್ ಎಂಬ ಮೇಷ್ಟ್ರು ಇದ್ದಾನೆ. ಶಿಕ್ಷಣಾಧಿಕಾರಿಯ ಹತ್ತಿರ ಹೋಗಿ, ನನಗೊಂದು ತರಗತಿ ಕೊಡಿ, ನನಗೆ ತೋಚಿದ ಹಾಗೆ ಕಲಿಸಿ ನೋಡುತ್ತೇನೆ ಅಂತ ಕೇಳುತ್ತಾನೆ. ನಾಲ್ಕನೇ ತರಗತಿ ಸಿಗುತ್ತದೆ, ಒಂದು ವರ್ಷಕ್ಕೆ. ಮೊದಲ ದಿನ ಬಹಳ ತಯಾರಿ ಮಾಡಿಕೊಂಡು ಹೋಗುತ್ತಾನೆ. ಮೌನದ ಆಟ ಆಡಿಸೋಣ, ಮಕ್ಕಳು ಸುಮ್ಮನೆ ಕಣ್ಣುಮುಚ್ಚಿ ಕೂರಲಿ, ಮನಸ್ಸು ಶಾಂತವಾಗಲಿ ಅಂತ. ಮಕ್ಕಳು ಕೂರುತ್ತಾರಾ? ಗದ್ದಲ ಎಬ್ಬಿಸುತ್ತಾರೆ, ನಗುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು ಕೂಗುತ್ತಾರೆ. ಕೊನೆಗೆ ಇವನು ಸೋತು ರಜೆ ಕೊಟ್ಟು ಮನೆಗೆ ಕಳಿಸಿಬಿಡುತ್ತಾನೆ. ಮುಖ್ಯೋಪಾಧ್ಯಾಯರು ಬೈಯುತ್ತಾರೆ. ಮಾರನೇ ದಿನ ಇವನು ಬಂದು ಕಥೆ ಶುರುಮಾಡುತ್ತಾನೆ. ಮಕ್ಕಳು ಕಿವಿ ಕೊಡುತ್ತಾರೆ. ಅಲ್ಲಿಂದ ಆ ವರ್ಷ ನಡೆಯುತ್ತದೆ.

ಶಿಕ್ಷಣದ ಬಗ್ಗೆ ನಾನು ಎಷ್ಟೋ ತರಬೇತಿ ತೆಗೆದುಕೊಂಡಿದ್ದೇನೆ. ಎಷ್ಟೋ ಕೈಪಿಡಿ ಓದಿದ್ದೇನೆ. ಅವುಗಳಲ್ಲಿ ಪಾಠ ಯಾವತ್ತೂ ಸೋಲುವುದೇ ಇಲ್ಲ. ಶಿಕ್ಷಕಿ ಪ್ರಶ್ನೆ ಕೇಳುತ್ತಾರೆ, ಮಕ್ಕಳು ಉತ್ತರಿಸುತ್ತಾರೆ, ಕಲಿಕಾ ಫಲ ಸಿಗುತ್ತದೆ. ಮೊದಲ ದಿನವೇ ನೆಲಕಚ್ಚಿದ ಮೇಷ್ಟ್ರನ್ನು ನಾನು ಮೊದಲು ಕಂಡಿದ್ದು ಗಿಜುಭಾಯಿ ಪುಸ್ತಕದಲ್ಲಿ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆ ವಾರವಷ್ಟೇ ನನ್ನ ತರಗತಿಯಲ್ಲೂ ಅಂಥದೇ ಆಗಿತ್ತು. ಆದಿವಾಸಿಗಳ ಹಾಡಿಯಿಂದ ಬರುವ ಮಕ್ಕಳು ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿಂದ ಎದ್ದು ಹೋಗಿದ್ದರು. ನಾನು ಕಪ್ಪುಹಲಗೆ ಕಡೆ ತಿರುಗಿ ಬರೆಯುತ್ತಲೇ ಇದ್ದೆ. ತಿರುಗಿ ನೋಡಿದರೆ ಮುಂದಿನ ಸಾಲು ಮಾತ್ರ ಇತ್ತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನಲ್ಲೇ ಏನೋ ಕೊರತೆ ಇದೆ, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಒಳಗೇ ಕೊರಗುತ್ತಿದ್ದೆ.

ಆ ಪುಸ್ತಕ ಕೊಟ್ಟವರು ಪಕ್ಕದ ಊರಿನ ಹಿರಿಯ ಮೇಷ್ಟ್ರು. ‘ಓದಮ್ಮ, ಆಮೇಲೆ ಮಾತಾಡೋಣ’ ಅಂದಿದ್ದರು. ಆ ‘ಆಮೇಲೆ ಮಾತಾಡೋಣ’ ಇದೆಯಲ್ಲ, ನಾನು ನಿಮ್ಮನ್ನು ಕೇಳುತ್ತಿರುವುದು ಅದನ್ನೇ.

ಎಚ್.ಡಿ. ಕೋಟೆಯಲ್ಲಿ ನಾನು ಕೆಲಸಕ್ಕೆ ಸೇರಿದ ಕಾಲ ಒಳ್ಳೆಯ ಕಾಲ. 1995ರಲ್ಲಿ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿ ಹುಟ್ಟಿದ್ದು ಆ ತಾಲ್ಲೂಕಿನಲ್ಲೇ ಅನ್ನುವುದು ನಿಮಗೆ ಗೊತ್ತಿರುವ ವಿಷಯ. ಯುನಿಸೆಫ್ ನೆರವು ಇತ್ತು. ಮದನಪಲ್ಲಿ ಹತ್ತಿರದ ಋಷಿವ್ಯಾಲಿಗೆ ನಮ್ಮ ತಾಲ್ಲೂಕಿನ ಶಿಕ್ಷಕರು ಹೋಗಿ, ಅಲ್ಲಿನ ಸಣ್ಣ ಹಳ್ಳಿಶಾಲೆಗಳನ್ನು ನೋಡಿ ಬಂದರು. ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಕೆ, ಕೈಯಲ್ಲಿ ಹಿಡಿಯುವ ಕಾರ್ಡು, ಪ್ರತಿ ಮಗುವಿಗೂ ಅದರದೇ ವೇಗ. ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ದಿಂದ ಅಕ್ಷರ ಶುರು. ಈ ಐದು ಅಕ್ಷರ ಬಂದರೆ ಸಾಕು, ಮಗು ಆ ವಾರವೇ ‘ಸರ’, ‘ಗರಗಸ’, ‘ಅರಸ’ ಅಂತ ಓದಿಬಿಡುತ್ತದೆ. ಮೊದಲ ಸಲ ಓದಿದ ಮಗುವಿನ ಮುಖ ನೋಡಿದವರಿಗೇ ಗೊತ್ತು ಅದು ಏನು ಅಂತ.

ನನಗೆ ಆ ದಿನಗಳಿಂದ ಜಾಸ್ತಿ ನೆನಪಿರುವುದು ಸಂಜೆಗಳು. ಶಾಲೆ ಬಿಟ್ಟ ಮೇಲೆ ಸುತ್ತಲಿನ ನಾಲ್ಕೈದು ಶಾಲೆಯವರು ಒಂದೆಡೆ ಸೇರುತ್ತಿದ್ದೆವು. ರಟ್ಟು, ಕತ್ತರಿ, ಸ್ಕೆಚ್ ಪೆನ್ನು ಹರಡಿಕೊಂಡು ಕೂರುತ್ತಿದ್ದೆವು. ಒಬ್ಬರು ಹೇಳುತ್ತಿದ್ದರು, ‘ನನ್ನ ಹತ್ತಿರ ಈ ಕಾರ್ಡು ನಡೆಯಲಿಲ್ಲ, ಮಕ್ಕಳಿಗೆ ಚಿತ್ರ ಏನು ಅಂತಲೇ ತಿಳಿಯಲಿಲ್ಲ.’ ಇನ್ನೊಬ್ಬರು, ‘ನನ್ನಲ್ಲಿ ಜೋಳದ ಬದಲು ರಾಗಿ ತೆನೆ ಬರೆದೆ, ಆಗ ಆಯಿತು.’ ಯಾರಿಗೂ ನಾಚಿಕೆ ಇರಲಿಲ್ಲ. ಪಾಠ ಸೋಲುವುದು ಅಲ್ಲಿ ದಿನದ ಮಾತಾಗಿತ್ತು. ಮಳೆ ಬಂದ ವಿಷಯ ಹೇಳಿದ ಹಾಗೆ ಹೇಳುತ್ತಿದ್ದೆವು.

2009-10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗೂ ಬಂತು. ಅದರಿಂದ ಲಕ್ಷಗಟ್ಟಲೆ ಮಕ್ಕಳಿಗೆ ಒಳ್ಳೆಯದಾಗಿದೆ. ನಾನು ಅದರ ವಿರುದ್ಧ ಒಂದು ಮಾತೂ ಆಡುವವಳಲ್ಲ. ಆದರೆ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು, ಸಂಜೆಗಳು ಪೆಟ್ಟಿಗೆಯಲ್ಲಿ ಬರಲಿಲ್ಲ. ನಾವು ಜಗಳವಾಡಿ, ಹರಿದು, ಮತ್ತೆ ಬರೆದು ಮಾಡಿದ್ದನ್ನು ಹೊಸಬರು ಸಿದ್ಧವಾಗಿ ಪಡೆದರು. ಸಿದ್ಧವಾಗಿ ಬಂದದ್ದು ನಡೆಯದಿದ್ದರೆ ತಪ್ಪು ತನ್ನದೇ ಅಂತ ಶಿಕ್ಷಕರು ಅಂದುಕೊಳ್ಳುತ್ತಾರೆ. ಆಗ ಬಾಯಿ ಮುಚ್ಚುತ್ತಾರೆ. ತರಗತಿಯಲ್ಲಿ ಮಕ್ಕಳ ಕೆಲಸ ತೂಗುಹಾಕುವ ಚಪ್ಪರ ಕಟ್ಟಿರುತ್ತಾರೆ, ಗುಂಪು ಮಾಡಿರುತ್ತಾರೆ, ಮಗು ಎಲ್ಲಿಗೆ ಬಂತು ಅಂತ ತೋರಿಸುವ ಪ್ರಗತಿ ನೋಟದಲ್ಲಿ ಗುರುತು ಹಾಕಿರುತ್ತಾರೆ. ಮಗು ಮಾತ್ರ ಅದೇ ಮೆಟ್ಟಿಲಲ್ಲಿ ಎರಡು ತಿಂಗಳಿಂದ ನಿಂತಿರುತ್ತದೆ. ಇದನ್ನು ಯಾರ ಹತ್ತಿರ ಹೇಳುವುದು?

ಹೇಳಬೇಕಾದ ಜಾಗ ಸಮಾಲೋಚನಾ ಸಭೆ. ಹೆಸರಲ್ಲೇ ಇದೆ ಅಲ್ವಾ? ಆ ಸಭೆ ಇರುವುದು ಮಾದರಿ ಪಾಠಕ್ಕೆ, ಮಕ್ಕಳಿಗೆ ಕಷ್ಟವಾಗುವ ಅಂಶಗಳ ಚರ್ಚೆಗೆ. ನಾನು ಹೋದ ಸಭೆಗಳಲ್ಲಿ ಹೆಚ್ಚಿನವು ಸುತ್ತೋಲೆ ಓದುವುದರಲ್ಲೇ ಮುಗಿಯುತ್ತಿದ್ದವು. ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್‌ನಲ್ಲಿ ಯಾವುದು ಬಾಕಿ, ಮೊಟ್ಟೆ ಲೆಕ್ಕ ಯಾರದು ಬಂದಿಲ್ಲ, ಯಾವ ನಮೂನೆ ಸೋಮವಾರದೊಳಗೆ ಕೊಡಬೇಕು. ಪಾಪ, ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಅವರಿಗೆ ಮೇಲಿನಿಂದ ಬಂದದ್ದನ್ನು ಅವರು ನಮಗೆ ತಲುಪಿಸುತ್ತಾರೆ. ಮಾದರಿ ಪಾಠ ಇದ್ದ ದಿನವೂ ಪಾಠ ಚೆನ್ನಾಗಿತ್ತು ಅಂತ ಚಪ್ಪಾಳೆ ತಟ್ಟಿ ಎದ್ದು ಬರುತ್ತಿದ್ದೆವು. ‘ಹೋದ ವಾರ ಭಾಗಾಕಾರ ಹೇಳಿಕೊಟ್ಟೆ, ಯಾರಿಗೂ ಅರ್ಥವಾಗಲಿಲ್ಲ, ಏನು ಮಾಡಲಿ?’ ಅಂತ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಲಿಲ್ಲ. ಆ ತಪ್ಪು ನನ್ನದೂ ಹೌದು.

ಅದಕ್ಕೇ ಗಿಜುಭಾಯಿ ಬೇಕು ಅನ್ನುತ್ತಿದ್ದೇನೆ. ಸುಮ್ನೆ ‘ನಿಮ್ಮ ಕಷ್ಟ ಹೇಳಿ’ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಲಕ್ಷ್ಮೀರಾಮನ ಮೊದಲ ದಿನವನ್ನು ಗಟ್ಟಿಯಾಗಿ ಓದಿ ನೋಡಿ. ಮೊದಲು ನಗು ಬರುತ್ತದೆ. ಆಮೇಲೆ ಯಾರೋ ಒಬ್ಬರು ‘ನಂದೂ ಹೀಗೇ ಆಗಿತ್ತು’ ಅನ್ನುತ್ತಾರೆ. ಒಬ್ಬರು ಅಂದರೆ ಸಾಕು. ಕೊನೆಯ ವರ್ಷಗಳಲ್ಲಿ ನಮ್ಮ ಶಾಲೆಯ ನಾಲ್ವರು ಟೀಚರುಗಳು ಬಿಸಿಯೂಟ ಆದ ಮೇಲೆ ಇಪ್ಪತ್ತು ನಿಮಿಷ ಹೀಗೆ ಓದಿದ್ದೆವು, ವಾರಕ್ಕೆ ಎರಡು ದಿನ. ಎಂಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದ ನಮಗೆ ಒಬ್ಬರ ತರಗತಿಯಲ್ಲಿ ಏನು ನಡೆಯುತ್ತದೆ ಅಂತ ಇನ್ನೊಬ್ಬರಿಗೆ ತಿಳಿದದ್ದು ಆಗಲೇ.

ಕಥೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ನಾಲೆ ಬಯಲಿನ ಒಂದು ಊರಿನಲ್ಲಿ ನನಗೆ ನಾಲ್ಕನೇ ತರಗತಿ ಇತ್ತು. ಮೂರನೆಯವರೆಗೆ ನಲಿ-ಕಲಿಯಲ್ಲಿ ಚಾಪೆ ಮೇಲೆ ಗುಂಪಾಗಿ ಕೂತ ಮಕ್ಕಳು ನಾಲ್ಕಕ್ಕೆ ಬಂದ ಕೂಡಲೇ ಸಾಲಾಗಿ ಕೂತು ಪಠ್ಯಪುಸ್ತಕ ಹಿಡಿಯಬೇಕು. ಅದೇ ಒಂದು ಕಂದಕ. ಆ ವರ್ಷ ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದ ಕುಟುಂಬದ ಹುಡುಗನೊಬ್ಬ ಸೇರಿದ್ದ. ಓದಲು ಬಾರದು. ನಾಲ್ಕು ದಿನ ಬಂದರೆ ಎರಡು ದಿನ ಬರುತ್ತಿರಲಿಲ್ಲ. ನಾನು ಗಿಜುಭಾಯಿ ದಾರಿ ಹಿಡಿದೆ. ದಿನಾ ಮೊದಲ ಅರ್ಧ ಗಂಟೆ ಕಥೆ. ಕಥೆಯನ್ನು ಒಂದು ಕಡೆ ನಿಲ್ಲಿಸಿ ಹಾಜರಿ. ಉಳಿದದ್ದು ನಾಳೆಗೆ. ಮೂರನೇ ದಿನದಿಂದ ಅವನು ತಪ್ಪದೆ ಬಂದ. ಬೆಲ್ ಹೊಡೆಯುವ ಮೊದಲೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

ಓದು ಬಂದದ್ದು ಪಠ್ಯದಿಂದ ಅಲ್ಲ. ಒಂದು ದಿನ ಆಲೆಮನೆಯ ಕಥೆ ಮಾಡಿ ಹೇಳಿದೆ. ಅದರಲ್ಲಿ ಬಂದ ಮಾತುಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದೆ. ಗಾಣ, ಕೊಪ್ಪರಿಗೆ, ಬೆಲ್ಲ, ಸೋಗೆ, ಮಚ್ಚು. ಅವನು ‘ಸೋಗೆ’ ಮೇಲೆ ಹೋಗಿ ನಿಂತ. ಯಾರೂ ಹೇಳಿಕೊಟ್ಟಿರಲಿಲ್ಲ. ‘ಇದು ನಮ್ಮ ಗುಡಿಸಲ ಮೇಲೈತಿ’ ಅಂದ. ಆ ದಿನ ಶಾಲೆ ಬಿಡುವ ಹೊತ್ತಿಗೆ ಐದು ಪದ ಗುರುತಿಸಿದ. ಎರಡು ತಿಂಗಳಲ್ಲಿ ಸಣ್ಣ ವಾಕ್ಯ ಓದುತ್ತಿದ್ದ. ಅಷ್ಟರಲ್ಲಿ ಕಟಾವು ಮುಗಿಯಿತು, ಅವರು ಊರಿಗೆ ಹೊರಟುಹೋದರು. ಮುಂದೆ ಯಾವ ಶಾಲೆಗೆ ಸೇರಿದ, ಸೇರಿದನೋ ಇಲ್ಲವೋ, ನನಗೆ ತಿಳಿಯಲಿಲ್ಲ. ವರ್ಗಾವಣೆ ಪತ್ರವನ್ನೂ ತೆಗೆದುಕೊಳ್ಳದೆ ಹೋಗಿದ್ದರು.

ಅದೇ ವರ್ಷ ತನಿಖೆಗೆ ಬಂದ ಅಧಿಕಾರಿಯೊಬ್ಬರು ಬಾಗಿಲಲ್ಲಿ ನಿಂತು ನೋಡಿದರು. ಮಕ್ಕಳೆಲ್ಲ ನನ್ನ ಸುತ್ತ ನೆಲದ ಮೇಲೆ ಕೂತು ಕಥೆ ಕೇಳುತ್ತಿದ್ದರು. ಒಳಗೆ ಬರಲಿಲ್ಲ. ಪಾಠ ಟಿಪ್ಪಣಿ ತರಿಸಿ ನೋಡಿ, ಪುಸ್ತಕದಲ್ಲಿ ‘ಕಥೆ ಹೇಳಿ ಸಮಯ ಕಳೆಯಲಾಗುತ್ತಿದೆ’ ಅಂತ ಬರೆದು ಹೋದರು. ಮನೆಗೆ ಬಂದು ಅತ್ತೆ. ಆ ಹುಡುಗ ಓದಿದ್ದನ್ನು ಅವರು ಐದು ನಿಮಿಷ ಕೂತು ಕೇಳಿದ್ದರೆ ಸಾಕಿತ್ತು. ಮಾರನೇ ದಿನವೂ ಕಥೆ ಹೇಳಿದೆ, ನಿಜ. ಆದರೆ ಬಾಗಿಲ ಕಡೆ ಒಂದು ಕಣ್ಣಿಟ್ಟೇ ಹೇಳಿದೆ. ಹಾಗೆ ಹೇಳಿದ ಕಥೆಯಲ್ಲಿ ರುಚಿ ಇರುವುದಿಲ್ಲ. ಮಕ್ಕಳಿಗೆ ಅದು ತಕ್ಷಣ ತಿಳಿಯುತ್ತದೆ.

ಇಲ್ಲಿ ನಿಮಗೇ ಒಂದು ಮಾತು. ಗಿಜುಭಾಯಿಯ ಪುಸ್ತಕದಲ್ಲಿ ನಿಮ್ಮಂಥ ಅಧಿಕಾರಿಯೂ ಒಬ್ಬರಿದ್ದಾರೆ. ಅವರಿಗೆ ಈ ಪ್ರಯೋಗದ ಮೇಲೆ ಪೂರ್ತಿ ನಂಬಿಕೆ ಇಲ್ಲ. ವರ್ಷದ ಕೊನೆಗೆ ಪರೀಕ್ಷೆಯಲ್ಲಿ ಫಲ ತೋರಿಸಬೇಕು ಅಂತ ಷರತ್ತೂ ಹಾಕುತ್ತಾರೆ. ಆದರೂ ಬಿಡುತ್ತಾರೆ. ದೂರುಗಳು ಬಂದಾಗಲೂ ಆ ಮೇಷ್ಟ್ರನ್ನು ಕಿತ್ತುಹಾಕುವುದಿಲ್ಲ. ಓದುವಾಗ ಎಲ್ಲರೂ ಲಕ್ಷ್ಮೀರಾಮನನ್ನು ಮೆಚ್ಚುತ್ತಾರೆ. ನಾನು ಆ ಅಧಿಕಾರಿಯನ್ನೂ ಅಷ್ಟೇ ಮೆಚ್ಚುತ್ತೇನೆ. ಅವರು ಕಾಯದೇ ಇದ್ದಿದ್ದರೆ ಎರಡನೇ ದಿನದ ಕಥೆಯೇ ಇರುತ್ತಿರಲಿಲ್ಲ.

ನನ್ನ ಗೆಳತಿಯರು, ಈಗಲೂ ಕೆಲಸದಲ್ಲಿರುವವರು, ಇದನ್ನು ಕೇಳಿ ತಕರಾರು ತೆಗೆಯುತ್ತಾರೆ. ‘ಅಕ್ಕ, ಅವನಿಗೆ ಒಂದೇ ತರಗತಿ. ನನಗೆ ಒಂದೇ ಕೋಣೆಯಲ್ಲಿ ಮೂರು. ಅವನಿಗೆ ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ ಇತ್ತಾ? ಸಮೀಕ್ಷೆ ಇತ್ತಾ? ಹಾಲು, ಮೊಟ್ಟೆ, ಆಧಾರ್ ಇತ್ತಾ?’ ಅವರ ಮಾತು ನಿಜ. ಆ ಹೊರೆ ಇಳಿಯಲೇಬೇಕು. ಅದಕ್ಕೆ ಶಿಕ್ಷಕರ ಸಂಘದವರು ಹೋರಾಡುತ್ತಿದ್ದಾರೆ, ನಾನೂ ಜೊತೆಗಿದ್ದೇನೆ. ಆದರೆ ಲಕ್ಷ್ಮೀರಾಮನಿಗೂ ಸಹೋದ್ಯೋಗಿಗಳು ಇಂಥದೇ ಮಾತು ಹೇಳುತ್ತಾರೆ, ನಿನಗೇನಪ್ಪ ನಮ್ಮ ಹಾಗೆ ತಾಪತ್ರಯ ಇಲ್ಲ ಅಂತ. ಗಿಜುಭಾಯಿ ಅವರನ್ನು ಕೆಟ್ಟವರಾಗಿ ತೋರಿಸುವುದಿಲ್ಲ. ಅವರ ಬಡತನ, ಅವರ ದಣಿವು, ಎಲ್ಲವೂ ಅದರಲ್ಲಿದೆ. ಅದಕ್ಕೇ ಆ ಪುಸ್ತಕವನ್ನು ದಣಿದ ಶಿಕ್ಷಕರೇ ಓದಬೇಕು ಅಂತ ನನಗೆ ಅನ್ನಿಸುವುದು.

ಇನ್ನು ಕೆಲವರು, ಗುಜರಾತಿನ ಹಳೆಯ ಪುಸ್ತಕ ನಮಗ್ಯಾಕೆ ಅನ್ನಬಹುದು. ಒಂದು ನಂಟು ಹೇಳುತ್ತೇನೆ. ಭಾವನಗರದಲ್ಲಿ ಗಿಜುಭಾಯಿ ಜೊತೆ ಕೆಲಸ ಮಾಡಿದವರು ತಾರಾಬಾಯಿ ಮೋಡಕ್. ಆಮೇಲೆ ಅವರು ಮಹಾರಾಷ್ಟ್ರದ ಬೋರ್ಡಿ, ಕೋಸಬಾಡ ಕಡೆಗೆ ಹೋಗಿ ಬಡವರ ಕೇರಿಗಳ ಅಂಗಳದಲ್ಲೇ ಮಕ್ಕಳನ್ನು ಸೇರಿಸಿ ಕಲಿಸಿದರು. ಶಾಲೆಗೆ ಬರಲಾಗದ ಮಕ್ಕಳ ಹತ್ತಿರಕ್ಕೆ ಶಾಲೆಯೇ ಹೋಯಿತು. ಅಂಗಳದ ಶಾಲೆ, ಅಂಗನವಾಡಿ. 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂದರೆ ಆ ಬಾಲಮಂದಿರದ ಗಾಳಿ ನಮ್ಮ ಕಾವೇರಿ ಕಪಿಲಾ ದಡಕ್ಕೆ ಬಂದು 50 ವರ್ಷ ಆಗಿದೆ. ನಮ್ಮ ಮಕ್ಕಳೂ ಮೊಮ್ಮಕ್ಕಳೂ ಆ ಅಂಗಳದಲ್ಲೇ ಹಾಡು ಕಲಿತಿದ್ದಾರೆ.

ಸಭೆ ಹೇಗಿರಬೇಕು ಅನ್ನುವುದರ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಇದೂ ಒಂದು ಕಾರ್ಯಕ್ರಮ ಆಗಿಬಿಡುತ್ತದೆ. ದಯವಿಟ್ಟು ಇದಕ್ಕೆ ನಮೂನೆ ಮಾಡಬೇಡಿ. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ಅನ್ನಬೇಡಿ. ಎಷ್ಟು ಪುಟ ಓದಿದಿರಿ ಅಂತ ವರದಿ ಕೇಳಬೇಡಿ. ಒಂದು ಸಲ ವರದಿ ಕೇಳಿದರೆ ಮುಂದಿನ ತಿಂಗಳಿಂದ ಎಲ್ಲರ ಪಾಠವೂ ಗೆದ್ದುಬಿಡುತ್ತದೆ. ಅಲ್ಲಿ ಹೇಳಿದ ಸೋಲು ಯಾರ ಸೇವಾ ಪುಸ್ತಕಕ್ಕೂ ಹೋಗುವುದಿಲ್ಲ ಅನ್ನುವ ಭರವಸೆ ನಿಮ್ಮ ಬಾಯಿಂದಲೇ ಬರಬೇಕು. ಶಿಕ್ಷಕರಿಗೆ ಅಭಯ ಬೇಕು, ಮಕ್ಕಳಿಗೆ ಬೇಕಾದಷ್ಟೇ.

ಪುಸ್ತಕದ ಖರ್ಚು ದೊಡ್ಡದಲ್ಲ. ಪ್ರತಿ ಕ್ಲಸ್ಟರಿಗೆ ನಾಲ್ಕೈದು ಪ್ರತಿ ಇದ್ದರೆ ಸಾಕು, ಒಂದು ಶಾಲೆಯಿಂದ ಇನ್ನೊಂದಕ್ಕೆ ಓಡಾಡುತ್ತಿರಲಿ. ಒಂದು ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ ಇರಲಿ, ತಂದೆತಾಯಿಯೂ ಓದಲಿ. ಅವರ ಕಥೆ ಹೇಳುವ ಪುಸ್ತಕ, ಪ್ರಾಥಮಿಕ ಶಾಲೆಯ ಪುಸ್ತಕಗಳೂ ಕನ್ನಡದಲ್ಲಿ ಸುಲಭವಾಗಿ ಸಿಗುವ ಹಾಗಾಗಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ, ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಅನುವಾದ ಗೊತ್ತಿರುವವರು, ಶಾಲೆ ಗೊತ್ತಿರುವವರು ಒಂದೇ ಊರಲ್ಲಿ ಇದ್ದಾರೆ. ಶಿಕ್ಷಕರಿಗೆ ತರಬೇತಿ ಕೊಡುವ ಎರಡು ಜಿಲ್ಲೆಯ ಡಯಟ್‌ಗಳು ಅವರನ್ನು ಒಮ್ಮೆ ಕೂರಿಸಿ ಮಾತಾಡಿಸಿದರೆ ಸಾಕು ಅಂತ ನನಗನ್ನಿಸುತ್ತದೆ.

ಎಲ್ಲ ಕ್ಲಸ್ಟರುಗಳಲ್ಲೂ ಒಟ್ಟಿಗೆ ಮಾಡಬೇಕಿಲ್ಲ. ಮೊದಲು ಕೋಟೆಯಲ್ಲಿ ಒಂದು, ನಮ್ಮ ಮಂಡ್ಯ ಜಿಲ್ಲೆಯಲ್ಲಿ ಒಂದು ಕ್ಲಸ್ಟರಿನಲ್ಲಿ ಒಂದು ವರ್ಷ ನಡೆಯಲಿ. ಮನಸ್ಸಿದ್ದವರು ಬರಲಿ. ಸಾಧ್ಯವಾದರೆ ಒಂದು ತಿಂಗಳು ನೀವೂ ಬಂದು ಎಲ್ಲರ ಜೊತೆ ಕೂತು ಒಂದು ಪುಟ ಓದಿ.

ನನ್ನ ಹತ್ತಿರ ಇರುವ ಪ್ರತಿ ಆ ಹಿರಿಯ ಮೇಷ್ಟ್ರು ಕೊಟ್ಟದ್ದೇ. ಹೊದಿಕೆ ಎರಡು ಸಲ ಹಾಕಿಸಿದ್ದೇನೆ, ಅಂಚಿನಲ್ಲಿ ಅವರ ಪೆನ್ಸಿಲ್ ಗುರುತೂ ನನ್ನ ಗುರುತೂ ಇವೆ. ಮೊದಲ ಸಭೆಗೆ ಕರೆದರೆ ಅದನ್ನು ತೆಗೆದುಕೊಂಡು ಬರುತ್ತೇನೆ. ಲಕ್ಷ್ಮೀರಾಮನ ಮೊದಲ ದಿನವನ್ನು ನಾನೇ ಓದುತ್ತೇನೆ, ಹಿಂದಿನ ಬಾಗಿಲಿಂದ ಎದ್ದು ಹೋದ ನನ್ನ ಮಕ್ಕಳ ಕಥೆಯನ್ನೂ ಹೇಳುತ್ತೇನೆ. ಕೋಟೆಗೆ ಆದರೆ ಬೆಳಿಗ್ಗೆ ಬೇಗನೆ ಬಸ್ಸು ಹಿಡಿಯಬೇಕು, ಒಂದು ವಾರ ಮೊದಲೇ ತಿಳಿಸಿದರೆ ಅನುಕೂಲ.

ಇಂತಿ,
ನಿವೃತ್ತ ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿ,
ಮಂಡ್ಯ